ಕಣ್ಣಿದ್ದವರ ದೀಪ

ಹಾಕಿದ್ದೆ. ಗಿರಣಿಯ ಸೈರನ್ ಕೂಗಿದ ಕೂಡಲೇ ಎದ್ದು, ಬಾಗಿಲ ಬಲಕ್ಕೆ ಗೋಡೆ ತಡವಿ, ದೀಪದ ಸ್ವಿಚ್ಚನ್ನು ಕೆಳಕ್ಕೆ ಒತ್ತಿದ್ದೆ. ಟಕ್ ಅಂದಿತ್ತು. ಇಲ್ಲ, ಆ ಟಕ್ ನಿನ್ನೆಯದೋ? ದಿನಾ ಅದೇ ಸೈರನ್, ಅದೇ ಗೋಡೆ, ಅದೇ ಸದ್ದು. ಇಪ್ಪತ್ತಮೂರು ದಿನಗಳ ಸದ್ದಿನಲ್ಲಿ ಇವತ್ತಿನದನ್ನು ಬೇರೆ ಮಾಡಿ ಹೇಳುವುದು ಹೇಗೆ ಎಂದು ಅವನು ತನ್ನನ್ನೇ ಕೇಳಿಕೊಂಡ.

“ಏನೋ ಇದು, ಹೆಣ ಇಟ್ಟಿರೋ ಮನೆ ಥರ?” ಹೊಸ್ತಿಲಲ್ಲಿ ನಿಂತ ಅಂಧರ ನಿಲಯದ ಮ್ಯಾನೇಜರ್ ಮತ್ತೊಮ್ಮೆ ಕೂಗಿದ. “ಕುರುಡ್ ನನ್ಮಗನೇ, ಬಾಯಿಗೆ ಏನು ತುರುಕ್ಕೊಂಡಿದೀಯ? ಒಂದು ದೀಪ ಹಾಕೋಕೂ ಆಗಲ್ವಾ? ಸಾಹೇಬ್ರು ಎಡವಿ ಬಿದ್ರೆ ಯಾರು ಜವಾಬ್ದಾರಿ, ನಿಮ್ಮಪ್ಪನಾ?”

ಬಾಯಲ್ಲಿದ್ದುದು ಬೆತ್ತದ ಎಳೆ. ಎಳೆ ಒಣಗಿದರೆ ಮುರಿಯುತ್ತದೆ. ಕುರ್ಚಿ ಹೆಣೆಯುವವರು ಮುಂದಿನ ಎಳೆಯನ್ನು ತುಟಿಗಳ ನಡುವೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಅವನು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ನೆಲದಿಂದ ಎದ್ದು ನಿಂತ.

“ದೀಪ ಉರೀತಿದ್ಯಲ್ಲಾ ಸಾರ್,” ಎಂದ.

ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಆಮೇಲೆ ಮ್ಯಾನೇಜರ್ ನಕ್ಕ. ಮೂಗಿನಿಂದ ಶುರುವಾಗಿ ಹೊಟ್ಟೆಗೆ ಇಳಿಯುವ ನಗು ಅದು. ಇಪ್ಪತ್ತೆರಡು ವರ್ಷ ಕೇಳಿದ್ದ ನಗು.

“ಎಲ್ಲಪ್ಪಾ ಉರೀತಿದೆ?” ಇನ್ನೊಂದು ಗಂಟಲು ಕೇಳಿತು. ತಪಾಸಣೆಯ ಸಾಹೇಬರದು. ಅದರಲ್ಲಿ ಸಿಟ್ಟಿರಲಿಲ್ಲ. ಪ್ರಾಣಿ ಸಂಗ್ರಹಾಲಯದಲ್ಲಿ ಕೇಳುವಂಥ ಕುತೂಹಲವಿತ್ತು.

“ಮೇಲೆ ಸಾರ್. ಅಲ್ಲಿ.” ಅವನು ಕೈ ಎತ್ತಿ ತೋರಿಸಿದ. ಚಾವಣಿಯ ನಡುವಿನಿಂದ ವೈರು ಇಳಿಬಿದ್ದಿರುವ ಜಾಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಸರಿಯಾಗಿ ಅಲ್ಲಿಗೇ ಹೋಗಿರಬೇಕು. ಆದರೆ ಇಬ್ಬರೂ ಈಗ ಒಟ್ಟಿಗೆ ನಕ್ಕರು.

ಟಾರ್ಚಿನ ಗುಂಡಿ ಕಿಟ್ಟೆಂದಿತು. ಪೆನ್ನು ಕಾಗದದ ಮೇಲೆ ಹರಿದಾಡಿತು.

“ಬರ್ಕೊಳ್ಳಿ ಸಾರ್. ಬೆಳಕು ಯಾವ್ದು, ಕತ್ತಲು ಯಾವ್ದು ಅಂತ ತಿಳಿಯಲ್ಲ. ಕೇಳಿದ್ರೆ ಸುಳ್ಳು ಬೇರೆ.”

“ಅದನ್ನ ನೀವು ಹೇಳ್ಕೊಡೋದು ಬೇಡ್ರೀ. ನನಗೆ ಕಣ್ಣಿದೆ.”

ಅವನು ಕಾದ. ಒಲೆ ಹಚ್ಚಿ ತೋರಿಸು ಎನ್ನುತ್ತಾರೆಂದು ಕಾದ. ಒಲೆಯ ತಿರುಪಿಗೆ ಮೊಳೆಯಿಂದ ಗೀರು ಹಾಕಿದ್ದ. ಗೀರು ಹೆಬ್ಬೆರಳ ಕಡೆಗೆ ಬಂದರೆ ಆರಿದೆ ಎಂದರ್ಥ. ಡಬ್ಬಗಳ ಕುತ್ತಿಗೆಗೆ ದಾರ ಕಟ್ಟಿದ್ದ. ಒಂದು ಗಂಟಿನದು ಉಪ್ಪು, ಎರಡರದು ಸಕ್ಕರೆ, ಮೂರರದು ಟೀ ಪುಡಿ. ಇಪ್ಪತ್ತಮೂರು ದಿನ ಈ ಹೊತ್ತಿಗಾಗಿ ಅಭ್ಯಾಸ ಮಾಡಿದ್ದ. ಸಾಹೇಬರಿಗೆ ಟೀ ಕಾಯಿಸಿ, ಒಂದು ಹನಿ ಚೆಲ್ಲದೆ ಲೋಟ ತುಂಬಿ ಕೊಡಬೇಕೆಂದುಕೊಂಡಿದ್ದ. ಲೋಟಗಳೆರಡನ್ನು ತೊಳೆದು ಮಗುಚಿಯೂ ಇಟ್ಟಿದ್ದ.

ಯಾರೂ ಏನೂ ಕೇಳಲಿಲ್ಲ. ಟಾರ್ಚು ಆರಿತು. ಸಾಹೇಬರ ಬೂಟು ಮೆಟ್ಟಿಲಿಳಿಯಿತು. ಮ್ಯಾನೇಜರ್ ಮಾತ್ರ ಒಂದು ಕ್ಷಣ ಹಿಂದೆ ಉಳಿದ. ಬಾಯಿ ಕಿವಿಯ ಹತ್ತಿರ ಬಂತು.

“ನಾಳೆ ಹನ್ನೊಂದಕ್ಕೇ ಸಮಿತಿ, ಮೂವತ್ತು ದಿನ ಕಾಯೋದೇನಿಲ್ಲ. ಬಾಯಿ ಮುಚ್ಕೊಂಡು ಬಾ. ಇನ್ನೂರು ಕುರ್ಚಿ ಆರ್ಡರ್ ಬಂದಿದೆ, ಗಂಟು ಹಾಕೋರಿಲ್ದೆ ಕೈ ಕಟ್ಕೊಂಡು ಕೂತಿದೀವಿ ಎಲ್ರೂ. ನಿನ್ನ ಹಾಸಿಗೆ ಇನ್ನೂ ಯಾರಿಗೂ ಕೊಟ್ಟಿಲ್ಲ ಕಣೋ ಗಂಟಣ್ಣ.”

ಅವನಿಗೆ ಆ ಹೆಸರು ಬಂದದ್ದು ಅಂಧರ ನಿಲಯದಲ್ಲಿ. ಕುರ್ಚಿಯ ಸೀಟನ್ನು ಯಾರು ಬೇಕಾದರೂ ಹೆಣೆಯಬಹುದು. ಉದ್ದ ಎಳೆ, ಅಡ್ಡ ಎಳೆ, ಮೂಲೆಯಿಂದ ಮೂಲೆಗೆ ಓರೆ ಎಳೆ. ಆದರೆ ಕೊನೆಯಲ್ಲಿ ಸೀಟಿನ ಅಡಿಗೆ ಕೈ ಹಾಕಿ, ಕಾಣದ ಕಡೆ ಗಂಟು ಬಿಗಿಯುವ ಕೆಲಸ ಎಲ್ಲರ ಕೈಗೂ ಬರುವುದಿಲ್ಲ. ಬೇರೆಯವರ ಗಂಟು ಆರು ತಿಂಗಳಿಗೆ ಸಡಿಲಾಗಿ ಕೂತವರ ಅಡಿಯಲ್ಲಿ ಸೀಟು ಕುಸಿಯುತ್ತಿತ್ತು. ಅವನ ಗಂಟು ಕುರ್ಚಿ ಮುರಿದರೂ ಬಿಚ್ಚುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ನಿಲಯಕ್ಕೆ ಬಂದವನು ನಲವತ್ತೊಂದರ ತನಕ ಅಲ್ಲಿ ಗಂಟು ಹಾಕಿದ. ಕೂಲಿ ಕೇಳಿದರೆ “ಅನ್ನ ಹಾಕ್ತಿಲ್ವಾ?” ಎನ್ನುತ್ತಿದ್ದರು. ಬೀದಿಗೆ ಹೋಗಿಬರುತ್ತೇನೆ ಎಂದರೆ “ಲಾರಿ ಅಡಿಗೆ ಬಿದ್ರೆ ನಮ್ಮ ಹೆಸರು ಕೆಡುತ್ತೆ” ಎನ್ನುತ್ತಿದ್ದರು. ಅಲ್ಲಿನ ಕೋಣೆಗಳಿಗೆ ಚಿಲಕವಿದ್ದುದು ಹೊರಗಡೆ.

ಹೊಸ ಕಾಯಿದೆಯೊಂದು ಬಂದಿದೆ, ಕೇಳಿದವರಿಗೆ ಬೇರೆ ಕೋಣೆ ಕೊಟ್ಟು ದಿನಕ್ಕೊಂದು ಗಂಟೆ ಸಹಾಯಕ್ಕೆ ಆಳು ಕಳಿಸಬೇಕಂತೆ ಎಂಬ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಅರ್ಜಿ ಬರೆಸಿದ. ಮ್ಯಾನೇಜರ್ ಮೂರು ಅರ್ಜಿಗಳನ್ನು ಹರಿದ. ನಾಲ್ಕನೆಯದು ಹೇಗೋ ತಲುಪಿತು. ಮೂವತ್ತು ದಿನದ ಪರೀಕ್ಷೆ, ಆಮೇಲೆ ಸಮಿತಿಯ ತೀರ್ಮಾನ ಎಂದು ಉತ್ತರ ಬಂತು.

“ಉಂಡ ಮನೆ ಜಂತೆ ಎಣಿಸೋನು ನೀನು,” ಎಂದಿದ್ದ ಮ್ಯಾನೇಜರ್, ಅವನು ಹೊರಡುವ ದಿನ. ಆಮೇಲೆ ತನಗೇ ನಗು ಬಂದು, “ಎಣಿಸೋಕೆ ಕಣ್ಣಾದ್ರೂ ಎಲ್ಲಿದೆ ಬಿಡು,” ಎಂದಿದ್ದ.

ಈ ಕೋಣೆಗೆ ಬಂದ ಮೊದಲ ದಿನ ಅವನು ಒಲೆ ಹುಡುಕಲಿಲ್ಲ, ನಲ್ಲಿ ಹುಡುಕಲಿಲ್ಲ. ಬಾಗಿಲ ಒಳಮೈಯನ್ನು ಮೇಲಿನಿಂದ ಕೆಳಗೆ ತಡವಿದ. ಎದೆಯ ಮಟ್ಟದಲ್ಲಿ ಸಿಕ್ಕಿತು. ಕಬ್ಬಿಣದ ಚಿಲಕ, ತುಕ್ಕು ಹಿಡಿದದ್ದು. ಸರಿಸಿದ. ತೆಗೆದ. ಮತ್ತೆ ಸರಿಸಿದ. ಎಷ್ಟೋ ಹೊತ್ತು ಅದನ್ನೇ ಮಾಡುತ್ತ ನಿಂತಿದ್ದ.

ದೀಪದ ಮಾತು ಎತ್ತಿದ್ದು ಸಹಾಯಕ್ಕೆ ಬರುವ ಹೆಂಗಸು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಇರುತ್ತಿದ್ದಳು. ಪತ್ರವಿದ್ದರೆ ಓದುತ್ತಿದ್ದಳು, ಸಂತೆಯಿಂದ ಬೇಕಾದ್ದು ತಂದುಕೊಡುತ್ತಿದ್ದಳು, ಅಂಗಿಯ ಕಲೆ ಹೋಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಅವನು ಅವಳನ್ನು ಒಂದ್ಗಂಟೆ ಅಕ್ಕ ಎಂದು ಕರೆದಾಗ ಬಿದ್ದು ಬಿದ್ದು ನಕ್ಕಿದ್ದಳು.

“ಸಂಜೆ ಆದ್ರೆ ದೀಪ ಹಾಕ್ಕೊಳಪ್ಪ. ಕತ್ತಲಲ್ಲಿ ಕೂತಿದ್ರೆ ಬೀದಿಯೋರು ಏನಂತಾರೆ? ಸತ್ತೋದ್ನೇನೋ ಅಂದ್ಕೋತಾರೆ.”

“ನನಗ್ಯಾಕಕ್ಕ ದೀಪ?”

“ನಿನಗಲ್ಲ ಮಹರಾಯ, ಅವರಿಗೆ. ಕಣ್ಣಿರೋರು ಭಾಳ ಹೆದರುಪುಕ್ಕಲ್ರು.”

ಅಂದಿನಿಂದ ಆರರ ಸೈರನ್‌ಗೆ ಸ್ವಿಚ್ಚು, ಮಲಗುವಾಗ ಮತ್ತೆ ಸ್ವಿಚ್ಚು. ಮೊದಮೊದಲು ಅಕ್ಕ ಮನೆಗೆ ಹೋಗುವ ದಾರಿಯಲ್ಲಿ ಸಂಜೆ ಕಿಟಕಿಯಿಂದ ಕೂಗುತ್ತಿದ್ದಳು. ಅವನು ಒಳಗಿಂದ “ಉರೀತಿದ್ಯಾ ಅಕ್ಕ?” ಎನ್ನುತ್ತಿದ್ದ. “ಉರೀತಿದೆ, ಉರೀತಿದೆ ಮಹರಾಯ!” ಹದಿನೈದು ದಿನವಾದ ಮೇಲೆ ಅವನೇ ಕೇಳುವುದನ್ನು ನಿಲ್ಲಿಸಿದ. ದಿನಾ ದೀಪ ಉರಿಯುತ್ತಿದೆಯೇ ಎಂದು ಇನ್ನೊಬ್ಬರನ್ನು ಕೇಳುವವನು ಒಬ್ಬನೇ ಬದುಕುತ್ತೇನೆಂದು ಹೇಗೆ ಹೇಳಿಯಾನು ಅನ್ನಿಸಿತ್ತು. ಅವಳಿಗೂ ಬೇರೆ ದಾರಿಯಲ್ಲಿ ಇನ್ನೊಂದು ಮನೆ ಕೆಲಸ ಸಿಕ್ಕಿ ಸಂಜೆ ಇತ್ತ ಬರುವುದು ತಪ್ಪಿತ್ತು.

ಆ ಸಂಜೆ ಮ್ಯಾನೇಜರನ ವ್ಯಾನು ಹೊರಟುಹೋದ ಸದ್ದು ಪೂರ್ತಿ ಕರಗಿದ ಮೇಲೆ ಅವನು ಸ್ವಿಚ್ಚಿನ ಬಳಿ ಹೋಗಿ ನಿಂತ. ಕೆಳಗೇ ಇತ್ತು. ಆದರೂ ನಂಬಿಕೆ ಬರಲಿಲ್ಲ. ಮನೆಯೊಡೆಯ ಸ್ವಿಚ್ಚನ್ನು ತಲೆಕೆಳಗಾಗಿ ಹಾಕಿಸಿದ್ದಿರಬಹುದು. ಬಲ್ಬು ಸುಟ್ಟುಹೋಗಿರಬಹುದು. ಸ್ಟೂಲನ್ನು ಎಳೆದು ಚಾವಣಿಯ ನಡುವಿಗೆ ತಂದ. ಹತ್ತಿದ. ವೈರು ಸಿಕ್ಕಿತು. ವೈರನ್ನು ಹಿಡಿದು ಬೆರಳುಗಳು ಕೆಳಗಿಳಿದವು. ಬಲ್ಬಿನ ಬಿಸಿ ಮೈ ಸಿಗಬೇಕಿದ್ದ ಕಡೆ ಗಾಳಿ. ಇನ್ನಷ್ಟು ತಡವಿದ. ಹೋಲ್ಡರಿನ ಬಾಯಿ ತೆರೆದುಕೊಂಡಿತ್ತು. ಒಳಗೆ ಬೆರಳು ಹೋಯಿತು.

ಯಾರೋ ಭುಜಕ್ಕೆ ದೊಣ್ಣೆಯಿಂದ ಹೊಡೆದಂತಾಯಿತು. ಸ್ಟೂಲು ಒಂದು ಕಡೆ ಬಿತ್ತು, ಅವನು ಇನ್ನೊಂದು ಕಡೆ ಬಿದ್ದ. ಅರ್ಧ ಹೆಣೆದ ಕುರ್ಚಿಯ ಕಾಲು ಹುಬ್ಬಿಗೆ ಬಡಿಯಿತು.

ಕೈ ಜುಮುಗುಡುತ್ತಿತ್ತು. ನೆಲದ ಮೇಲೆ ಅಂಗಾತ ಬಿದ್ದುಕೊಂಡೇ ಅವನು ನಕ್ಕ. ಹಾಕಿದ್ದೆ. ಕರೆಂಟು ಇತ್ತು. ತಪ್ಪದೆ ಹಾಕಿದ್ದೆ. ಜಗತ್ತಿನಲ್ಲಿ ಅದಕ್ಕೆ ಒಂದೇ ಒಂದು ಸಾಕ್ಷಿಯಿತ್ತು, ಅದು ಅವನ ಬಲಗೈಯ ನಡುಬೆರಳಿನ ತುದಿಯಲ್ಲಿ ಉರಿಯುತ್ತಿತ್ತು.

ನಗು ನಿಂತ ಮೇಲೆ ನೆನಪಾಯಿತು, ಸ್ಟೂಲು ನೆಲದ ಮೇಲೆ ಎಳೆದಾಗಿನ ಸದ್ದು. ಈಗಿನದಲ್ಲ. ನಾಲ್ಕು ದಿನದ ಹಿಂದಿನದು.

ಭಾನುವಾರ ತಂಗಿ ಬಂದಿದ್ದಳು. ಎರಡು ಬೀದಿ ಆಚೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿದ್ದು ಕಾರ್ಖಾನೆಯ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುವವಳು. ಹಗಲಿಗೂ ದೀಪ ಬೇಕಾದ ಕೋಣೆ. ಅವನ ಅಂಗಿಗಳನ್ನು ಮಡಿಸಿಡುತ್ತ ಅದೂ ಇದೂ ಮಾತಾಡಿದ್ದಳು. ಆಮೇಲೆ ಸ್ಟೂಲು ಎಳೆದಿದ್ದಳು.

“ಏನ್ ಮಾಡ್ತಿದೀಯೇ?”

“ಜೇಡನ ಬಲೆ ಅಣ್ಣ. ಎಷ್ಟೊಂದು ಕಟ್ಟಿದೆ ನೋಡು.”

“ನೋಡ್ದೆ, ನೋಡ್ದೆ,” ಎಂದು ಅವನು ತಮಾಷೆ ಮಾಡಿದ್ದ. ಅವಳು ನಕ್ಕಿರಲಿಲ್ಲ. ಮೇಲೆ ಏನೋ ಕಿರುಗುಟ್ಟಿತ್ತು, ಕಿಟ್ಟೆಂದಿತ್ತು. ಇಳಿದು, ಚೀಲವನ್ನು ತುಂಬ ಮೆಲ್ಲಗೆ ಎತ್ತಿಕೊಂಡಿದ್ದಳು. ಮೊಟ್ಟೆ ಇರುವ ಚೀಲವನ್ನು ಎತ್ತಿಕೊಳ್ಳುವ ಹಾಗೆ. ಅವಳು ಹೋದ ಮೇಲೆ ಅವನು, ಪಾಪ, ಅವಳ ಕೆಲಸವೇ ಬೆಟ್ಟದಷ್ಟಿರುವಾಗ ನನ್ನ ಮನೆಯ ಜೇಡನ ಬಲೆ ತೆಗೆದು ಹೋದಳಲ್ಲ ಎಂದು ಖುಷಿಪಟ್ಟಿದ್ದ.

ನೆಲ ತಣ್ಣಗಿತ್ತು. ಬಲ್ಬಿಗಾಗಿ ಅವನಿಗೆ ದುಃಖವಾಗಲಿಲ್ಲ. ಅವಳ ಕೋಣೆಯ ಬಲ್ಬು ಹೋಗಿರಬೇಕು, ಅಂಗಿಗಳು ಮಾರನೆಯ ದಿನ ಕೊಡುವುದಿದ್ದಿರಬೇಕು, ಇಲ್ಲಿ ಯಾರಿಗೂ ಬೇಡವಾಗಿ ಒಂದು ಬಲ್ಬು ನೇತಾಡುತ್ತಿತ್ತು. ಅಷ್ಟೆ. ಆದರೆ ಸ್ಟೂಲು ಹತ್ತಿ ಇಳಿಯುವಷ್ಟು ಹೊತ್ತು ಅವಳೂ ಅವನನ್ನು ಮ್ಯಾನೇಜರ್ ನೋಡುವ ಹಾಗೆಯೇ ನೋಡಿದ್ದಳು. ಇವನಿಗೇನು ತಿಳಿಯುತ್ತದೆ ಎಂದು.

ಬೆಳಿಗ್ಗೆ ಒಂದ್ಗಂಟೆ ಅಕ್ಕ ಬಂದವಳು ಹುಬ್ಬಿನ ಗಾಯ ನೋಡಿ ಹೌಹಾರಿದಳು. ಅವನು ನಡೆದದ್ದನ್ನು ಹೇಳಿದ. ಭಾನುವಾರದ ಮಾತನ್ನು ಬಿಟ್ಟು.

“ಅಯ್ಯೋ, ಬಲ್ಬೇ ಇಲ್ವಲ್ಲೋ!” ಅವಳ ಧ್ವನಿ ಮೇಲಕ್ಕೆ ಹೋಯಿತು. “ಹಗಲೊತ್ತು ಬರ್ತೀನಿ, ತಲೆ ಎತ್ತಿ ಯಾರು ನೋಡಿದ್ರು? ಯಾವ ಹಲ್ಕಾ ನನ್ಮಗ ಕದ್ದೋನು?”

ಅವನು ಹುಬ್ಬನ್ನು ಅವಳ ಕಡೆ ಒಡ್ಡಿದ.

ಅವಳು ಗಾಯಕ್ಕೆ ಬಟ್ಟೆ ಒತ್ತುತ್ತಿದ್ದಳು. ಒತ್ತುತ್ತಿದ್ದ ಕೈ ನಿಂತಿತು. “ನನ್ನ ತಲೆಗೇ ಕಟ್ತಾರೆ ನೋಡು,” ಎಂದಳು. “ಈ ಮನೆಗೆ ಬಂದು ಹೋಗೋಳು ನಾನೊಬ್ಳೇ ತಾನೇ?”

ಸಮಿತಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನೆಲಕ್ಕೆ ಆಗತಾನೇ ಫಿನಾಯಿಲ್ ಹಾಕಿ ಒರೆಸಿದ್ದರು. ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು: ನಡುವೆ ಅಧ್ಯಕ್ಷೆ ಅಮ್ಮನವರು, ಅವರ ಎಡಕ್ಕೆ ಸಾಹೇಬರು, ಬಲಕ್ಕೆ ಮ್ಯಾನೇಜರ್. ಕೂತ ಭಾರಕ್ಕೆ ಸೀಟುಗಳು ಸದ್ದು ಮಾಡಿದ ರೀತಿಯಿಂದಲೇ ಅವನಿಗೆ ಗೊತ್ತಾಯಿತು. ಕುರ್ಚಿಗಳು ನಿಲಯದವು. ಅವುಗಳಲ್ಲಿ ಎರಡಾದರೂ ತನ್ನ ಗಂಟಿನವು.

ಅವನಿಗೆ ಕುರ್ಚಿ ಹಾಕಿರಲಿಲ್ಲ.

ಒಂದ್ಗಂಟೆ ಅಕ್ಕ ಬಾಗಿಲ ಬಳಿ ನಿಂತಿದ್ದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ಇನ್ಯಾರೋ ಇದ್ದರು. ಮೇಣ ಹಚ್ಚಿದ ದಾರದ ವಾಸನೆ ಬಂತು. ತಂಗಿ. ಅವಳನ್ನೂ ಕರೆಸಿದ್ದರು. ಅವನಿಗೆ ನಲವತ್ತೊಂದು, ಅವಳಿಗೆ ಮೂವತ್ತೈದು. ಕಾಗದದಲ್ಲಿ ಅವಳು ಅವನ ಪೋಷಕಿ.

“ಬಾಪ್ಪ, ಬಾ,” ಎಂದರು ಅಧ್ಯಕ್ಷೆ. ಎಳೆಗೂಸಿನ ಜೊತೆ ಮಾತಾಡುವ ಧ್ವನಿ. “ಹಣೆಗೆ ಏನಾಯ್ತು? ಬಿದ್ಯಾ?”

“ಬಿದ್ದೆ ಅಮ್ಮ.”

“ನೋಡಿದ್ರಾ,” ಎಂದ ಮ್ಯಾನೇಜರ್. “ನಮ್ಮಲ್ಲಿದ್ದಾಗ ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬಿದ್ದಿರ್ಲಿಲ್ಲ ಮೇಡಂ. ಮಗು ಥರ ನೋಡ್ಕೊಂಡಿದ್ವಿ.”

ಸಾಹೇಬರು ಹಿಂದಿನ ಸಂಜೆ ಬರೆದುಕೊಂಡದ್ದನ್ನು ಓದಿದರು. ‘ವ್ಯಕ್ತಿಯು ಪೂರ್ಣ ಕತ್ತಲೆಯಲ್ಲಿ ನೆಲದ ಮೇಲೆ ಕುಳಿತಿರುವುದು ಕಂಡುಬಂತು. ದೀಪ ಉರಿಯುತ್ತಿದೆ ಎಂದು ಪದೇ ಪದೇ ಹೇಳಿದರು. ಪರಿಸರದ ಅರಿವು ಇಲ್ಲ.’ ಓದುತ್ತ ಓದುತ್ತ ಅವರಿಗೇ ಬೇಸರ ಬಂದು ಕೊನೆಯ ಸಾಲುಗಳನ್ನು ನುಂಗಿದರು.

“ಏನಪ್ಪಾ ಹೇಳ್ತೀಯ?” ಎಂದರು ಅಧ್ಯಕ್ಷೆ.

ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅವು ಈಗ ಒಂದೂ ಒದಗಲಿಲ್ಲ.

“ಅಮ್ಮ, ನೀವು ಕೂತಿರೋ ಕುರ್ಚಿ ನಾನು ಹೆಣೆದಿದ್ದು,” ಎಂದ. “ಕತ್ತಲಲ್ಲೇ ಹೆಣೆದಿದ್ದು.”

“ಅದಕ್ಕೇ ಬೆಳಿಗ್ಗೆಯಿಂದ ತಿಕಕ್ಕೆ ಚುಚ್ತಾ ಇದೆ!” ಎಂದ ಮ್ಯಾನೇಜರ್. ಸಾಹೇಬರು ಜೋರಾಗಿ ನಕ್ಕರು. ಅಧ್ಯಕ್ಷೆಯವರು “ಛೀ, ಛೀ” ಎನ್ನುತ್ತಲೇ ನಕ್ಕರು.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನೋಡಪ್ಪ, ನಂಗೆ ಒಂದು ತಿಳೀತಿಲ್ಲ. ಸ್ವಂತವಾಗಿ ಬದುಕ್ತೀನಿ ಅಂತೀಯ. ಜೊತೆಗೆ ದಿನಾ ಒಂದು ಗಂಟೆ ಆಳು ಬೇಕು ಅಂತೀಯ. ಇದ್ರಲ್ಲಿ ಸ್ವಂತ ಯಾವ್ದು?”

“ತಾವು ಇಲ್ಲಿಗೆ ಹೆಂಗ್ ಬಂದ್ರಿ ಸಾರ್?”

“ಕಾರಲ್ಲಿ.”

“ಓಡ್ಸಿದ್ದು?”

“ಡ್ರೈವರ್ ಕಣಯ್ಯ.”

“ಟೀ ತಂದಿಟ್ಟಿದ್ದಾರೆ, ವಾಸನೆ ಬರ್ತಿದೆ. ಕಾಯ್ಸಿದ್ದು ಯಾರು ಸಾರ್? ತಮ್ಮ ಅಂಗಿ ಇಸ್ತ್ರಿ ಮಾಡಿದ್ದು?”

ಫ್ಯಾನು ತಿರುಗುತ್ತಿತ್ತು. “ಬಾಯಿ ನೋಡಿ ಬಾಯಿ,” ಎಂದ ಮ್ಯಾನೇಜರ್. “ದೇವರು ಕಣ್ಣು ಕಿತ್ಕೊಂಡು ನಾಲಿಗೆಗೆ ಸೇರ್ಸಿದಾನೆ.”

“ಅದೆಲ್ಲ ಬಿಡು,” ಎಂದರು ಸಾಹೇಬರು. ಧ್ವನಿ ಈಗ ಗಡುಸಾಗಿತ್ತು. “ದೀಪದ ವಿಷ್ಯ ಹೇಳು. ಉರೀತಿದೆ ಅಂದ್ಯಲ್ಲ?”

“ಸ್ವಿಚ್ ಹಾಕಿದ್ದೆ ಸಾರ್. ಕರೆಂಟೂ ಇತ್ತು. ಬಲ್ಬ್ ಇರ್ಲಿಲ್ಲ.”

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಆದರೆ ಮಾತು ಮೇಜಿನ ಮೇಲೆ ಬಿದ್ದಾಗಿತ್ತು.

“ಇರ್ಲಿಲ್ಲ ಅಂದ್ರೆ? ರೆಕ್ಕೆ ಬಂದು ಹಾರೋಯ್ತಾ?”

“ಕಳುವಾಗಿದೆ ಅಂತ ತಾನೇ?” ಮ್ಯಾನೇಜರನ ಕುರ್ಚಿ ಕಿರುಗುಟ್ಟಿತು, ಅವನು ಮುಂದಕ್ಕೆ ಬಾಗಿದ್ದ. “ಮೇಡಂ, ನಾನು ಹೇಳಿರ್ಲಿಲ್ವಾ? ಇವರನ್ನ ಹೊರಗೆ ಬಿಟ್ರೆ ಕಂಡೋರೆಲ್ಲ ದೋಚ್ತಾರೆ ಅಂತ. ಇವತ್ತು ಬಲ್ಬು, ನಾಳೆ ಒಲೆ, ನಾಡಿದ್ದು ಉಟ್ಟ ಬಟ್ಟೆ. ಆ ಮನೆಗೆ ಹೋಗಿ ಬರೋದು ಯಾರು? ಇಗೋ, ಬಾಗಿಲಲ್ಲಿ ನಿಂತಿದಾಳಲ್ಲ, ಇವಳು.”

“ನನ್ ಮಕ್ಕಳಾಣೆ!” ಒಂದ್ಗಂಟೆ ಅಕ್ಕ ಚೀರಿದಳು. “ನನ್ ಮಕ್ಕಳಾಣೆಗೂ ನಾ ಮುಟ್ಟಿಲ್ಲ ಅಮ್ಮಾವ್ರೇ! ಬೆಳಿಗ್ಗೆ ಬಂದು ಬೆಳಿಗ್ಗೆ ಹೋಗೋಳು ನಾನು!”

“ಕಿರುಚ್ಬೇಡ. ಪೊಲೀಸ್ರು ಕೇಳಿದ್ರೆ ಹೇಳ್ತೀಯ.”

“ಏ ಗಂಟಣ್ಣ, ಹೇಳೋ! ನಾನು ಅಂಥೋಳಾ? ಬಾಯ್ಬಿಟ್ಟು ಹೇಳೋ!”

“ಇವಳು ಬಿಟ್ರೆ ಬೇರೆ ಯಾರಾದ್ರೂ ಬಂದಿದ್ರಾ?” ಸಾಹೇಬರು ಕೇಳಿದರು. “ನೆನಪು ಮಾಡ್ಕೊಂಡು ಹೇಳು.”

ಅವನು ಬೆಂಚಿನ ಕಡೆ ಕಿವಿಗೊಟ್ಟ. ಚೀಲದ ಹಿಡಿಯನ್ನು ಯಾರೋ ಹಿಂಡುತ್ತಿದ್ದರು. ಒಗೆದ ಬಟ್ಟೆಯನ್ನು ಹಿಂಡುವ ಹಾಗೆ, ನಿಲ್ಲಿಸದೆ.

ಒಂದು ಹೆಸರು ಸಾಕಿತ್ತು. ಹೇಳಿದರೆ ಅಕ್ಕ ಉಳಿಯುತ್ತಿದ್ದಳು. ಒಡಹುಟ್ಟಿದವಳೇ ಹೀಗೆ ಮಾಡಿದರೆ ಪಾಪ ಅವನೇನು ಮಾಡಿಯಾನು ಎಂದು ಅಧ್ಯಕ್ಷೆ ಮೂವತ್ತು ದಿನ ಪೂರ್ತಿಯಾಗಲಿ ಎನ್ನಲೂಬಹುದಿತ್ತು. ಅಥವಾ, ಒಡಹುಟ್ಟಿದವಳೇ ದೋಚುವವನು ಹೊರಗೆ ಬದುಕುವುದುಂಟೇ ಎನ್ನಬಹುದಿತ್ತು. ಎರಡರಲ್ಲಿ ಯಾವುದೆಂದು ಅವನು ಹೆಚ್ಚು ಹೊತ್ತು ಯೋಚಿಸಲಿಲ್ಲ.

“ನಾನೇ ತೆಗೆದೆ,” ಎಂದ.

“ಏನಂದೆ?”

“ಬಲ್ಬ್ ನಾನೇ ತೆಗೆದೆ ಸಾರ್. ಸ್ಟೂಲ್ ಹತ್ತಿ ತೆಗೆದೆ. ಬಿದ್ದು ಒಡೆದೋಯ್ತು.”

ಚೀಲ ಹಿಂಡುವ ಸದ್ದು ನಿಂತಿತು.

“ಯಾಕೆ ತೆಗೆದ್ಯಪ್ಪ?” ಅಧ್ಯಕ್ಷೆಯ ಧ್ವನಿಯಲ್ಲಿ ಮೊದಲ ಸಲ ಮುದ್ದು ಇರಲಿಲ್ಲ.

“ನನಗೆ ಬೇಕಿರ್ಲಿಲ್ಲ. ನನ್ನ ಮನೆ. ದೀಪ ಕಣ್ಣಿರೋರಿಗೆ.”

“ಮತ್ತೆ ಉರೀತಿದೆ ಅಂತ ನಮ್ಮ ಮುಂದೆ ಯಾಕೋ ಬೊಗಳ್ದೆ?” ಎಂದ ಮ್ಯಾನೇಜರ್.

“ಸುಳ್ಳು ಹೇಳ್ದೆ.”

“ಬರ್ಕೊಳ್ಳಿ ಸಾರ್,” ಎಂದ ಮ್ಯಾನೇಜರ್. ಈ ಸಲ ಸಾಹೇಬರು ಅವನನ್ನು ತಡೆಯಲಿಲ್ಲ.

ಮುಂದಿನದು ಬೇಗ ಮುಗಿಯಿತು. ಅಧ್ಯಕ್ಷೆಯವರು ನಿಟ್ಟುಸಿರುಬಿಟ್ಟರು. ಇವನ ಒಳ್ಳೆಯದಕ್ಕೇ, ಎಂದರು. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಜೊತೆಗೆ ಜನ, ಕೈತುಂಬ ಕೆಲಸ ಎಂದರು. ಪೋಷಕರ ಸಹಿಯೊಂದು ಬೇಕು ಎಂದರು. ಮ್ಯಾನೇಜರ್ ಎದ್ದು ಬೆಂಚಿನ ಬಳಿ ಹೋದ.

“ಹಾಕಮ್ಮ ಸಹಿ. ಇಲ್ಲಿ. ಇಲ್ಲಾಂದ್ರೆ ನೀನೇ ಕರ್ಕೊಂಡೋಗಿ ಸಾಕು.”

ಒಮ್ಮೆ ಉಸಿರನ್ನು ಒಳಗೆ ಎಳೆದುಕೊಂಡ ಸದ್ದಾಯಿತು, ಮಾತಾಡುವ ಮೊದಲು ಎಳೆದುಕೊಳ್ಳುವಂಥದ್ದು. ಅವನು ಕಾದ. ಪೆನ್ನು ಕಾಗದದ ಮೇಲೆ ಓಡಿತು. ತಂಗಿಯ ಸಹಿ ಚಿಕ್ಕದು.

“ಸಂಜೆ ಆರಕ್ಕೆ ವ್ಯಾನ್ ಬರುತ್ತೆ,” ಎಂದ ಮ್ಯಾನೇಜರ್. “ಗಂಟು ಮೂಟೆ ಕಟ್ಕೊಂಡಿರು.”

ಗಿರಣಿಯ ಸೈರನ್ ಕೂಗಿದಾಗ ಅವನು ಎದ್ದ. ಸ್ವಿಚ್ಚಿನ ಕಡೆ ಹೋಗಲಿಲ್ಲ. ಬಾಗಿಲ ಬಳಿ ಹೋಗಿ ಚಿಲಕ ಹಾಕಿದ. ತುಕ್ಕು ಹಿಡಿದ ಕಬ್ಬಿಣ ತೂತಿಗೆ ಇಳಿಯುವವರೆಗೆ ಎರಡೂ ಕೈಯಿಂದ ಒತ್ತಿದ. ಆಮೇಲೆ ಬಂದು, ನೆನೆಯಲು ಹಾಕಿದ್ದ ಎಳೆಯೊಂದನ್ನು ತುಟಿಗಳ ನಡುವೆ ಇಟ್ಟುಕೊಂಡು, ಕುರ್ಚಿಯ ಮುಂದೆ ಕೂತ. ಓರೆ ಎಳೆಗಳು ಬಾಕಿಯಿದ್ದವು.

ವ್ಯಾನು ಬಂತು. ಹಾರನ್ ಎರಡು ಸಲ ಹೊಡೆಯಿತು, ಆಮೇಲೆ ಬಿಡದೆ ಹೊಡೆಯಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

“ಏ! ಬಾರೋ ಹೊರಗೆ!” ಬಾಗಿಲ ಮೇಲೆ ಮುಷ್ಟಿ ಬಿತ್ತು. “ಚಿಲಕ ಹಾಕ್ಕೊಂಡಿದಾನೆ ಕಣ್ರೋ. ತೆಗೆಯೋ ಸೂಳೆಮಗನೇ!”

ಅವನು ಎಳೆಯನ್ನು ಬಾಯಿಂದ ತೆಗೆದ. “ಯಾರೂ ಇಲ್ಲ ಅಂದ್ಕೊಳ್ಳಿ ಸಾರ್. ಒಳಗೆ ಕತ್ತಲಿದೆ.”

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಬಾಗಿಲಿಗೆ ಒದ್ದ. ಒದ್ದು ಕಾಲು ನೋಯಿಸಿಕೊಂಡಿರಬೇಕು, ಬೋಳಿಮಗ ಎಂದ ರೀತಿ ಹಾಗಿತ್ತು.

ಕಿಟಕಿಯ ಸರಳಿನ ಬಳಿ ಮೇಣದ ದಾರದ ವಾಸನೆ ಸುಳಿಯಿತು.

“ಅಣ್ಣಾ.”

ಅವನು ತಿರುಗಲಿಲ್ಲ.

“ಅಣ್ಣಾ, ನಾನು...” ಅಲ್ಲಿಗೇ ನಿಂತಿತು. ಸರಳುಗಳ ನಡುವೆ ಬಳೆ ತಾಗಿದ ಸದ್ದು. ಕಿಟಕಿಯ ಕಲ್ಲಿನ ಮೇಲೆ ಗಾಜು ಮೆಲ್ಲಗೆ ಕೂತ ಸದ್ದು. ಕೈ ಹಿಂದೆ ಹೋಯಿತು. ಹೆಜ್ಜೆ ಹೋಗಲಿಲ್ಲ.

ಅವನು ಎದ್ದು ಹೋಗಿ ಅದನ್ನು ಎತ್ತಿಕೊಂಡ. ಇನ್ನೂ ಬೆಚ್ಚಗಿತ್ತು. ಆಗತಾನೇ ಉರಿಯುತ್ತಿದ್ದುದನ್ನು ಬಿಚ್ಚಿ ತಂದಿದ್ದಳು. ಅಂಗೈಯಲ್ಲಿ ಹಿಡಿದು ಒಂದು ಕ್ಷಣ ನಿಂತ. ಹಾಗಾದರೆ ಈಗ ಅವಳ ಕೋಣೆಯಲ್ಲಿ ದೀಪವಿಲ್ಲ. ಸರಳಿನ ಆಚೆ ಅವಳ ಉಸಿರು ಕೇಳುತ್ತಿತ್ತು. ಒಂದು ಮೊಳ ದೂರವಿರಬಹುದು.

ಸ್ವಿಚ್ಚು ಮೇಲಿದೆಯೆಂದು ಎರಡು ಸಲ ನೋಡಿಕೊಂಡು, ಸ್ಟೂಲು ಎಳೆದ. ನೆಲ ಕಿರುಗುಟ್ಟಿದ್ದನ್ನು ಅವಳೂ ಕೇಳಿಸಿಕೊಂಡಿರಬೇಕು. ಹತ್ತಿ, ವೈರು ಹಿಡಿದು, ಬಲ್ಬನ್ನು ಹೋಲ್ಡರಿನಲ್ಲಿ ಒತ್ತಿ ತಿರುಗಿಸಿದ. ಕಿಟ್ಟೆಂದಿತು. ಇಳಿದ. ಗೋಡೆ ತಡವಿದ. ಒತ್ತಿದ.

ಅವನಿಗೆ ಏನೂ ಆಗಲಿಲ್ಲ. ಆದರೆ ಹೊರಗೆ ಬೀದಿ ಒಮ್ಮೆಗೇ ಸುಮ್ಮನಾಯಿತು. ಹಾರನ್ ನಿಂತಿತು. ಆಮೇಲೆ ಜನರ ಹಿಂದೆಲ್ಲಿಂದಲೋ, ಅಳುತ್ತಿದೆಯೋ ನಗುತ್ತಿದೆಯೋ ತಿಳಿಯದ ಒಂದು ಗಂಟಲು ಕೂಗಿತು.

“ಉರೀತಿದೆ! ಉರೀತಿದೆ ಮಹರಾಯ!”

ಅವನು ಬಂದು ಕುರ್ಚಿಯ ಮುಂದೆ ಕೂತ. ಬೀದಿಯವರೆಲ್ಲ ಈಗ ತನ್ನನ್ನು ನೋಡುತ್ತಿದ್ದಾರೆಂದು ಗೊತ್ತಿತ್ತು. ನೋಡಲಿ. ಓರೆ ಎಳೆಯ ತುದಿಯನ್ನು ತೂತಿಗೆ ಪೋಣಿಸಿ ಎಳೆದ.

“ಏನ್ ನೋಡ್ತಾ ನಿಂತಿದೀರೋ?” ಮ್ಯಾನೇಜರ್ ಗುಡುಗಿದ. “ದೀಪ ಹಾಕಿದ್ರೆ ಆಯ್ತಾ? ಸಹಿ ಆಗಿದೆ, ಕಾಗದ ನನ್ನ ಜೇಬಲ್ಲಿದೆ. ವ್ಯಾನಿಂದ ಸಲಾಕೆ ತಗೊಂಬಾ!”

ಸಲಾಕೆ ಬಂತು. ಬಾಗಿಲ ಸಂದಿಗೆ ಅದರ ತುದಿ ಹೊಕ್ಕಿತು. ಚಿಲಕದ ಮೊಳೆಗಳು ಮರದೊಳಗೆ ನರಳಿದವು; ಒಂದು ಕಳಚಿ ನೆಲಕ್ಕೆ ಬಿದ್ದು ಉರುಳಿತು. ಇನ್ನು ಮೂರಿದ್ದವು. ಅವನು ಮುಂದಿನ ಎಳೆಯನ್ನು ತುಟಿಗಳ ನಡುವೆ ಇಟ್ಟುಕೊಂಡು, ಸೀಟಿನ ಅಡಿಗೆ ಕೈ ಹಾಕಿ ಗಂಟು ಬಿಗಿದ. ಕಿಟಕಿಯ ಆಚೆಯ ಉಸಿರು ಇನ್ನೂ ಅಲ್ಲೇ ಇತ್ತು.

ಕೇಳಿದ್ದರೆ ಕೊಡುತ್ತಿದ್ದೆ ಎಂದು ಅವನು ಅವಳಿಗೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.